ಬಾಗಿಲಲ್ಲೇ ನಿಂತಿದ್ದರು

20 ನವೆಂಬರ್ 2025, ಗುರುವಾರ
ತುಮಕೂರು

ಸಂಜೆಯ ಒಂದು ಮಾತು ಇನ್ನೂ ತಲೆಯಿಂದ ಹೋಗ್ತಿಲ್ಲ. ಬರೆದಿಟ್ಟೇ ಮಲಗುತ್ತೇನೆ.

ಐದೂವರೆಗೆ ಲೈಬ್ರರಿಗೆ ಹೋದೆ. ಗ್ರಂಥಾಲಯ ಸಪ್ತಾಹದ ಕೊನೆಯ ದಿನ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಫೋಟೋಗೆ ಹಾಕಿದ್ದ ಚೆಂಡುಹೂವಿನ ಹಾರ 14ನೇ ತಾರೀಖಿನದ್ದೇ, ಬಾಡಿ ಕಂದು ಬಣ್ಣಕ್ಕೆ ತಿರುಗಿದೆ. ಮೇಷ್ಟ್ರು ಎಂದಿನಂತೆ ಕಿಟಕಿ ಪಕ್ಕ. ಪೇಪರಿನ ಒಳಹಾಳೆಗಳನ್ನು ಬಿಡಿಸಿ ಎದುರಿನವರಿಗೆ ಕೊಟ್ಟು, ಮೊದಲ ಪುಟ ತಾವು ಹಿಡಿದಿದ್ದರು. ನಮ್ಮಲ್ಲಿ ಒಂದೇ ಪೇಪರನ್ನು ನಾಲ್ಕು ಜನ ಒಟ್ಟಿಗೆ ಓದ್ತಾರೆ.

ಬಾಗಿಲ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಚಪ್ಪಲಿ ಕೆಳಗೆ ಬಿಟ್ಟು, ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಮೇಲೆ ಒದ್ದೆ ಗೋಣಿ. ಕೊತ್ತಂಬರಿ ವಾಸನೆ ಒಳಗಿನವರೆಗೂ ಬರ್ತಿತ್ತು.

"ಅಕ್ಕಾ, ಇದು ಆಫೀಸಾ?"

"ಅಲ್ಲಮ್ಮ, ಲೈಬ್ರರಿ. ಒಳಗೆ ಬನ್ನಿ."

ಬರಲಿಲ್ಲ. ಅಲ್ಲಿಂದಲೇ ಕೇಳಿದರು, "ಕೂತ್ಕೊಳ್ಳೋಕೆ ತಿಂಗಳಿಗೆ ಎಷ್ಟು ದುಡ್ಡು?"

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಪಾವಗಡದ ಕಡೆಯವರಂತೆ. ಬೆಳಗಿನ ಜಾವ ಅಂತರಸನಹಳ್ಳಿ ಮಾರ್ಕೆಟ್ಟಲ್ಲಿ ಸೊಪ್ಪು ತಗೊಂಡು ಬೀದಿ ಬೀದಿ ಮಾರುತ್ತಾರೆ. ಮಗ ಎಸ್ಸೆಸ್ಸೆಲ್ಸಿ. ಇರೋದು ಒಂದೇ ರೂಮು, ಪಕ್ಕದ ಮನೆ ಟೀವಿ ರಾತ್ರಿ ಹನ್ನೊಂದರ ತನಕ. "ನಮ್ಮ ಹುಡುಗ ದೇವಸ್ಥಾನದ ಜಗಲಿ ಮೇಲೆ ಓದ್ತಾನಕ್ಕಾ. ಈಗ ಚಳಿ ಶುರುವಾಯ್ತು."

ದುಡ್ಡು ಇಲ್ಲಮ್ಮ, ಕೂತು ಓದೋಕೆ ಯಾರು ಬೇಕಾದರೂ ಬರಬಹುದು, ಮನೆಗೆ ಪುಸ್ತಕ ಒಯ್ಯೋದಾದರೆ ಮಾತ್ರ ಸದಸ್ಯತ್ವ ಬೇಕು ಅಂದೆ. ನಂಬಲಿಲ್ಲ. ಆಗ ಮೇಷ್ಟ್ರು ಪೇಪರ್ ಮಡಚಿಟ್ಟು ಎದ್ದು ಬಂದರು. "ಮನೆ ಕಂದಾಯದ ರಸೀದಿ ನೋಡಿದ್ದೀಯೇನಮ್ಮ? ಗ್ರಂಥಾಲಯ ಕರ ಅಂತ ತೆರಿಗೆ ಮೇಲೆ ನೂರಕ್ಕೆ ಆರು ರೂಪಾಯಿ ಸೇರಿಸಿರ್ತಾರೆ. 1965ರ ಕಾನೂನು. ಈ ಕುರ್ಚಿ, ಈ ಫ್ಯಾನು, ಎಲ್ಲಾ ಜನರ ದುಡ್ಡು."

"ನಮ್ಮದು ಬಾಡಿಗೆ ಮನೆ ಸ್ವಾಮಿ. ಕಂದಾಯ ಓನರ್ ಕಟ್ತಾರೆ."

"ಬಾಡಿಗೆ ಯಾರು ಕೊಡ್ತಾರೆ?"

ಆಯಮ್ಮ ಏನೂ ಅನ್ನಲಿಲ್ಲ. ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದರು. ಪುಸ್ತಕದ ಬೀರುಗಳ ಕಡೆ ನೋಡಲಿಲ್ಲ. ಸೀದಾ ಒಳಕೋಣೆಗೆ ಹೋಗಿ, ಖಾಲಿ ಇದ್ದ ಒಂದು ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿದರು. ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದರು. ಅಷ್ಟೇ. ಪಕ್ಕದಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ತನ್ನ ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟಳು.

ಆ ಹುಡುಗಿಯೂ ಲೈಬ್ರರಿ ಪುಸ್ತಕ ಮುಟ್ಟೋದು ಕಮ್ಮಿ, ಗೈಡುಗಳನ್ನು ಮನೆಯಿಂದಲೇ ತರುತ್ತಾಳೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅಂತ ರಂಗನಾಥನ್ 1931ರಲ್ಲೇ ಹೇಳಿದ್ದರು. ನಿಜ. ಆದರೆ ಇಲ್ಲಿಗೆ ಬರುವ ಮಕ್ಕಳಿಗೆ ಮೊದಲು ಬೇಕಿರೋದು ಒಂದು ಗಟ್ಟಿ ಕುರ್ಚಿ, ಬೆಳಕು, ಯಾರೂ ಎದ್ದು ಹೋಗು ಅನ್ನದ ಎರಡು ಗಂಟೆ. ಅಂಥ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಇಲ್ಲ. ಏಳಕ್ಕೇ ಮನೆಗೆ ಓಡ್ತಾರೆ, ಇನ್ನೂ ಒಂದು ಗಂಟೆ ಬಾಗಿಲು ತೆಗೆದಿರುತ್ತೆ ಅಂದರೂ. ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಹೊಟ್ಟೆ ಉರಿಯುತ್ತೆ ನನಗೆ.

ಹೊರಗೆ ಎಲ್ಲಾದರೂ ಬರೆದು ಹಾಕಬಾರದಾ? ಬನ್ನಿ, ಕೂತ್ಕೊಳ್ಳಿ, ದುಡ್ಡು ಕೊಡೋದು ಬೇಡ ಅಂತ? ಬೋರ್ಡಲ್ಲಿ ಇಲಾಖೆ ಹೆಸರು ದೊಡ್ಡದಾಗಿದೆ. ಆಯಮ್ಮ ಆಫೀಸು ಅಂದುಕೊಂಡಿದ್ದರಲ್ಲಿ ತಪ್ಪೇನಿದೆ. ಎಷ್ಟು ದಿನದಿಂದ ಈ ಬಾಗಿಲ ಮುಂದೆಯೇ ಸೊಪ್ಪು ಕೂಗಿಕೊಂಡು ಹೋಗ್ತಿದ್ದರೋ.

ಹೋಗುವಾಗ ಒಂದು ಕಟ್ಟು ಮೆಂತ್ಯ ಲೈಬ್ರರಿ ಮೇಡಂ ಟೇಬಲ್ ಮೇಲಿಟ್ಟರು. ಮೇಡಂ ಬೇಡ ಬೇಡ ಅಂದರೂ ಕೇಳಲಿಲ್ಲ.

ಈಗ ಊಟ ಆದಮೇಲೆ ನೆನಪಾಯ್ತು. ಸೋಮವಾರ ರಜೆ ಅಂತ ಹೇಳೋದೇ ಮರೆತೆ. ಆ ಹುಡುಗ ಮೊದಲ ಸಲ ಸೋಮವಾರವೇ ಬಂದು, ಬೀಗ ನೋಡಿ ವಾಪಸ್ ಹೋದರೆ? ಹೆಸರೂ ಕೇಳಲಿಲ್ಲ, ಮನೆ ಎಲ್ಲಿ ಅಂತಲೂ ಕೇಳಲಿಲ್ಲ. ಅಂತರಸನಹಳ್ಳಿಗೆ ಸೊಪ್ಪಿನವರು ಎಷ್ಟು ಹೊತ್ತಿಗೆ ಬರ್ತಾರೋ, ನಾಲ್ಕಕ್ಕೋ ಐದಕ್ಕೋ...