ಕೋಡಿ ಬಿದ್ದ ಮೇಲೆ ಕೇತೇನಹಳ್ಳಿ

ಚಿಕ್ಕಬಳ್ಳಾಪುರದ ಹತ್ತಿರ ಇರುವ ಕೇತೇನಹಳ್ಳಿ ಜಲಪಾತಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಂಡಿದ್ದು ಬರೀ ಬಂಡೆ. ಎರಡನೇ ಸಲ ನೀರು ಕಂಡಿತು.

ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಜೋಗದಲ್ಲಿ ನೀರು ಧುಮ್ಮಿಕ್ಕುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅಲ್ಲಿದ್ದರೆ ಇಲ್ಲೂ ಇರುತ್ತೆ ಅಂದುಕೊಂಡು ಹೊರಟೆವು. ಬಿಸಿಲಲ್ಲಿ ನಡೆದು ಹೋಗಿ ನೋಡಿದರೆ ಒಣ ಬಂಡೆಯ ಮೇಲೆ ಒಂದು ಓತಿಕ್ಯಾತ ಕೂತಿತ್ತು. ನನ್ನ ಮಗಳು ಇವತ್ತಿಗೂ ಅದನ್ನು ‘ಓತಿಕ್ಯಾತ ಫಾಲ್ಸ್’ ಅಂತಲೇ ಕರೆಯುತ್ತಾಳೆ.

ಮಲೆನಾಡಿನ ಲೆಕ್ಕ ಈ ಕಡೆ ನಡೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಎಲ್ಲ ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಹುಟ್ಟುವುದೇನೋ ನಿಜ, ಹರಿಯುವುದು ಮಾತ್ರ ಮಳೆ ಬಂದಾಗ. ಇಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರಿನವರ ಬಾಯಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆ. ಅದರ ಮೇಲೆ ಇವೆಲ್ಲ ಕಲ್ಲು ಬೆಟ್ಟಗಳು. ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳುವಷ್ಟು ಮಣ್ಣಿಲ್ಲ. ಜೋರು ಮಳೆಯಾದ ಮಾರನೇ ದಿನ ಭೋರ್ಗರೆಯುವ ನೀರು, ವಾರ ಹತ್ತು ದಿನ ಮಳೆ ಬಿಟ್ಟರೆ ನೂಲಿನಂತೆ ಸಣ್ಣಗಾಗುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ನಮಗೆ ದಾರಿ ತೋರಿಸಿದ್ದು ಚಿಕ್ಕಬಳ್ಳಾಪುರದಲ್ಲಿರುವ ನನ್ನ ಹೆಂಡತಿಯ ಚಿಕ್ಕಮ್ಮ. ಒಂದು ಅಕ್ಟೋಬರ್ ಸಂಜೆ ಫೋನ್ ಮಾಡಿ, ‘ಕೆರೆ ಕೋಡಿ ಬಿದ್ದೈತೆ ಕಣಪ್ಪಾ, ಈಗ ಬನ್ನಿ’ ಅಂದರು. ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಇಲ್ಲ. ಬೆಟ್ಟದ ಬುಡದ ಕೆರೆಗಳು ಕೋಡಿ ಹರಿಯುತ್ತಿದ್ದರೆ ಜಲಪಾತದಲ್ಲಿ ನೀರಿದೆ ಎಂದೇ ಅರ್ಥ. ಅಲ್ಲಿ ನೆಂಟರಿಲ್ಲದಿದ್ದರೆ ಆ ವಾರದ ಜಿಲ್ಲಾ ಸುದ್ದಿ ನೋಡಿ. ಅಂತರ್ಜಾಲದ ಫೋಟೋ ನಂಬಿ ಹೊರಡಬೇಡಿ. ಅದು ಯಾವ ವರ್ಷದ್ದೋ ಏನೋ.

ಬೆಂಗಳೂರಿನಿಂದ ದೂರ ಹೆಚ್ಚುಕಡಿಮೆ 70 ಕಿಲೋಮೀಟರ್. ಹೆಬ್ಬಾಳ, ದೇವನಹಳ್ಳಿ ದಾಟಿ ಹೈದರಾಬಾದ್ ಹೆದ್ದಾರಿಯಲ್ಲೇ ಹೋದರೆ ಚಿಕ್ಕಬಳ್ಳಾಪುರ. ಕಾರಿಗೆ ಸಾದಹಳ್ಳಿಯಲ್ಲಿ ಟೋಲ್ ಇದೆ. ನಾವು ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಭಾನುವಾರ ಅದಕ್ಕಿಂತ ತಡವಾದರೆ ನಂದಿ ಬೆಟ್ಟಕ್ಕೆ ಹೋಗುವವರ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಬಸ್ಸಿನಲ್ಲಿ ಬರುವವರಿಗೆ ಚಿಕ್ಕಬಳ್ಳಾಪುರದವರೆಗೆ ಚಿಂತೆಯಿಲ್ಲ, ಮೆಜೆಸ್ಟಿಕ್‌ನಿಂದಲೂ ಹೆಬ್ಬಾಳದಿಂದಲೂ ಬಸ್ ಸಿಗುತ್ತವೆ. ಯಲಹಂಕ, ದೇವನಹಳ್ಳಿ ಮೇಲೆ ಹೋಗುವ ರೈಲೂ ಇದೆ. ಕಷ್ಟ ಇರುವುದು ಅಲ್ಲಿಂದ ಮುಂದೆ. ಆಟೋ ಮಾತಾಡಿಕೊಂಡು ಹೋಗಬೇಕಾಗುತ್ತದೆ. ವಾಪಸ್ ಬರಲು ಅದೇ ಆಟೋಗೆ ಕಾಯಲು ಹೇಳಿ. ಸಂಜೆ ಹಳ್ಳಿಯಲ್ಲಿ ಇನ್ನೊಂದು ಸಿಗುತ್ತೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ತಿಂಡಿ, ಶೌಚಾಲಯ ಎರಡನ್ನೂ ಹೆದ್ದಾರಿಯ ಹೋಟೆಲಿನಲ್ಲೇ ಮುಗಿಸಿಕೊಳ್ಳಿ. ಇದನ್ನು ಹೆಣ್ಣುಮಕ್ಕಳ ಪರವಾಗಿ ಒತ್ತಿ ಹೇಳುತ್ತಿದ್ದೇನೆ. ಮುಂದೆ ಶೌಚಾಲಯವೂ ಇಲ್ಲ, ಬಟ್ಟೆ ಬದಲಿಸುವ ಜಾಗವೂ ಇಲ್ಲ.

ಮ್ಯಾಪ್ ಹಳ್ಳಿಯವರೆಗೆ ಸರಿಯಾಗಿಯೇ ಕರೆದುಕೊಂಡು ಹೋಯಿತು. ಆಮೇಲೆ ಅದಕ್ಕೇನಾಯಿತೋ, ಸೇವಂತಿಗೆ ತೋಟವೊಂದರ ಬೇಲಿಗೆ ತಂದು ನಿಲ್ಲಿಸಿ ‘ನೀವು ತಲುಪಿದ್ದೀರಿ’ ಅಂದಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ತಾತನೊಬ್ಬರನ್ನು ಕೇಳಿದೆವು. ಈ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು ಧಾರಾಳವಾಗಿ ಬೆರೆಯುತ್ತದೆ. ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ದಾರಿ ಹೇಳಿ ಕೊನೆಗೆ, ‘ಮೊನ್ನೆ ಬರಬೇಕಿತ್ತು ಸಾಮಿ, ಈಗೇನೈತೆ, ಅರ್ಧ ಇಳಿದೋಯ್ತು’ ಅಂದರು. ಆ ಅರ್ಧವೇ ನಮಗೆ ಬೇಕಾದಷ್ಟಾಯಿತು.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದನ್ನು ಸ್ವಲ್ಪ ಯೋಚಿಸಿ. ಅಕ್ಟೋಬರ್ ಅಂದರೆ ಹೊಲದಲ್ಲಿ ರಾಗಿ ತೆನೆ ಬಿಡುವ ಹೊತ್ತು. ನಮ್ಮ ಮುಂದೆ ಬಂದ ಯಾರೋ ಕಾರನ್ನು ಹೊಲಕ್ಕೆ ಹೋಗುವ ದಾರಿಗೆ ಅಡ್ಡ ನಿಲ್ಲಿಸಿ ನೀರಿಗೆ ಹೋಗಿದ್ದರು. ರೈತರೊಬ್ಬರು ಟ್ರಾಕ್ಟರ್ ಆಫ್ ಮಾಡಿಕೊಂಡು ಸುಮ್ನೆ ಕೂತಿದ್ದರು. ಬೈಯಲೂ ಇಲ್ಲ. ನಮಗೇ ನಾಚಿಕೆಯಾಯಿತು. ಊರೊಳಗೆ ಮನೆಯವರನ್ನು ಕೇಳಿ ನಿಲ್ಲಿಸುವುದೇ ವಾಸಿ.

ಅಲ್ಲಿಂದ ಕಾಲುಹಾದಿ. ಮಗಳನ್ನು ಕರೆದುಕೊಂಡು ನಿಧಾನಕ್ಕೆ ನಡೆದದ್ದರಿಂದ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಏರು ಅಂಥದ್ದೇನಿಲ್ಲ. ಆದರೆ ಹಳ್ಳ ದಾಟಬೇಕು, ಒಂದೇ ಸಲ ಅಲ್ಲ. ಎರಡನೇ ಸಲ ಶೂ ಬಿಚ್ಚಿ ಹಾಕುವಷ್ಟರಲ್ಲಿ ತಾಳ್ಮೆ ಮುಗಿಯಿತು, ಆಮೇಲೆ ಶೂ ಹಾಕಿಕೊಂಡೇ ನೀರಿಗೆ ಇಳಿದೆವು. ಹಿಡಿತವಿರುವ, ನೆನೆದರೂ ಪರವಾಗಿಲ್ಲ ಅನ್ನುವ ಹಳೇ ಶೂ ಹಾಕಿಕೊಳ್ಳಿ. ಹವಾಯಿ ಚಪ್ಪಲಿ ಬೇಡವೇ ಬೇಡ. ನನ್ನ ಭಾಮೈದನ ಒಂದು ಚಪ್ಪಲಿ ಹಳ್ಳದಲ್ಲಿ ಹೋಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅವನು ಬರಿಗಾಲಲ್ಲಿ ವಾಪಸ್ ನಡೆದ. ದಾರಿಯಲ್ಲಿ ಲಂಟಾನ ಪೊದೆ, ಮುಳ್ಳು ಜಾಸ್ತಿ. ಉದ್ದ ಪ್ಯಾಂಟ್ ಇದ್ದರೆ ಒಳ್ಳೆಯದು.

ಜಲಪಾತ ದೊಡ್ಡದಲ್ಲ. ಬಂಡೆ ಮೇಲಿಂದ ಬಂಡೆಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿದು ಬರುತ್ತದೆ. ಮಳೆ ನೀರಾದ್ದರಿಂದ ಸ್ವಲ್ಪ ಚಹಾ ಬಣ್ಣ. ಸದ್ದು ಮಾತ್ರ ಗಾತ್ರಕ್ಕಿಂತ ದೊಡ್ಡದು. ಕಲ್ಲಿನ ನಡುವೆ ಇಕ್ಕಟ್ಟಾದ ಜಾಗ ಆದ್ದರಿಂದ ಹಾಗೆ ಕೇಳಿಸುತ್ತದೋ ಏನೋ. ಬಯಲುಸೀಮೆಯಲ್ಲಿ ಬೆಳೆದ ನನಗೆ ಕೊಳವೆಬಾವಿಯ ನೀರು ಬಿಟ್ಟು ಇಷ್ಟು ಹತ್ತಿರದಲ್ಲಿ ತಾನಾಗೇ ಹರಿಯುವ ನೀರು ಕಂಡಿದ್ದು ಕಡಿಮೆ. ಕಾಲು ಇಳಿಬಿಟ್ಟು ಒಂದು ಗಂಟೆ ಕೂತೆವು. ಯಾರೂ ಫೋನ್ ತೆಗೆಯಲಿಲ್ಲ. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ, ಅದೂ ಒಂದು ಕಾರಣ ಅನ್ನಿ.

ಹತ್ತು ಗಂಟೆಯ ಮೇಲೆ ಜನ ಬರಲು ಶುರುವಾದರು. ಸ್ಪೀಕರ್ ಬಂತು, ಬಾಟಲಿಗಳು ಬಂದವು. ಹಿಂದಿನವರು ಒಡೆದು ಹೋದ ಗಾಜು ನೀರಿನೊಳಗೆ ಕಾಣುವುದಿಲ್ಲ. ಬರಿಗಾಲಲ್ಲಿ ಇಳಿಯಬೇಡಿ ಎನ್ನಲು ಇದೂ ಒಂದು ಕಾರಣ. ಮಕ್ಕಳಿದ್ದರೆ ಬೆಳಗಿನ ಹೊತ್ತೇ ಮುಗಿಸಿಕೊಂಡು ಹೊರಟುಬಿಡಿ.

ಬಂಡೆ ಹತ್ತುವ ವಿಷಯ. ಪಾಚಿ ಕಟ್ಟಿದ ಬಂಡೆ ಸೋಪಿನ ಹಾಗೆ. ಒಣಗಿದಂತೆ ಕಂಡರೂ ಜಾರುತ್ತದೆ. ಅಲ್ಲಿ ಕಾವಲುಗಾರರಿಲ್ಲ, ಬೇಲಿ ಇಲ್ಲ. ಬಿದ್ದರೆ ಹೊತ್ತುಕೊಂಡೇ ಹಳ್ಳಿಗೆ ತರಬೇಕು, ಅದೂ ಹಳ್ಳ ದಾಟಿಸಿ. 2022ರಲ್ಲಿ ಚಿಕ್ಕಬಳ್ಳಾಪುರದ್ದೇ ಶ್ರೀನಿವಾಸ ಸಾಗರ ಅಣೆಕಟ್ಟಿನ ಗೋಡೆ ಹತ್ತಲು ಹೋಗಿ ಯುವಕನೊಬ್ಬ ಬಿದ್ದ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತ್ತು, ನೆನಪಿದೆ ಅಲ್ವಾ? ಇನ್ನೊಂದು ಮಾತು. ನೀವು ಕೂತ ಕಡೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮೋಡ ಕವಿದಿದ್ದರೆ ಎದ್ದುಬಿಡಿ. ಮೇಲೆ ಬಿದ್ದ ಮಳೆ ಹಳ್ಳಕ್ಕೆ ಬರಲು ಬಹಳ ಹೊತ್ತು ಬೇಡ. ಬರುವಾಗ ಮೊಣಕಾಲವರೆಗೆ ಇದ್ದ ನೀರು ಹೋಗುವಾಗ ಸೊಂಟದವರೆಗೆ ಬಂದರೆ ಆಚೆ ದಡ ಕಣ್ಣಿಗೆ ಕಂಡರೂ ದಾಟಲಾಗುವುದಿಲ್ಲ.

ಮಧ್ಯಾಹ್ನ ಚಿಕ್ಕಮ್ಮನ ಮನೆಯಲ್ಲಿ ಮುದ್ದೆ, ಬಸ್ಸಾರು. ಒದ್ದೆ ಬಟ್ಟೆಯಲ್ಲಿ ಮೂರು ಗಂಟೆ ಇದ್ದು ಬಂದವರಿಗೆ ಅದು ಹೇಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಚಿಕ್ಕಮ್ಮ ಇಲ್ಲದವರಿಗೆ ಊರಲ್ಲಿ ಮುದ್ದೆ ಊಟದ ಹೋಟೆಲುಗಳಿಗೆ ಬರವಿಲ್ಲ.

ಹೊತ್ತು ಉಳಿದರೆ ವಾಪಸ್ ಬರುವಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಬೆಟ್ಟದ ಬುಡದಲ್ಲೇ ಇದೆ, ಇತಿಹಾಸ 9ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಪಕ್ಕದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ನಾವು ಎರಡನ್ನೂ ನೋಡುವ ಆಸೆಗೆ ಬಿದ್ದು ದೇವಸ್ಥಾನವನ್ನು ಅವಸರದಲ್ಲಿ ನೋಡಿದೆವು. ಒಂದನ್ನೇ ಇಟ್ಟುಕೊಳ್ಳಿ.

ಐದು ಗಂಟೆಗೆ ನಂದಿ ಬಿಟ್ಟೆವು, ಅದೇ ತಪ್ಪಾಯಿತು. ಏರ್‌ಪೋರ್ಟ್ ದಾಟಿದ ಮೇಲೆ ಗಾಡಿಗಳು ತೆವಳತೊಡಗಿದವು. ಹೆಬ್ಬಾಳದ ಮೇಲ್ಸೇತುವೆ ಏರುವಷ್ಟರಲ್ಲಿ ಎಂಟಾಗಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ಭಾಮೈದ ಮಾತ್ರ ಇನ್ನೂ ಆ ಒಂಟಿ ಚಪ್ಪಲಿಯನ್ನು ಎಸೆದಿರಲಿಲ್ಲ.