ಹಳೇ ಹಾಯಿಯ ಅಳತೆ ನಂಬಿ ಹೊಸದು ಹೊಲಿದೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ, ಹಾಯಿ ಹೊಲಿಯುವ ಅಂಗಡಿಯಲ್ಲಿ ನನ್ನ ಕೆಲಸ. ಸೇರಿದ ಎರಡನೇ ವರ್ಷ ಒಬ್ಬರು 25 ಅಡಿ ದೋಣಿಯ ಹರಿದ ಮುಂದಿನ ಹಾಯಿ ತಂದರು. ಆಗಷ್ಟೇ ಸೆಕೆಂಡ್ ಹ್ಯಾಂಡ್ ದೋಣಿ ಕೊಂಡಿದ್ದರು. "ಇದೇ ಅಳತೆಗೆ ಹೊಸದು ಮಾಡಿಕೊಡಿ" ಅಂದರು. ಅಳೆದೆ, 150% ಜೆನೊವಾ, ಅಂದರೆ ಕಂಬ ದಾಟುವಷ್ಟು ದೊಡ್ಡ ಮುಂದಿನ ಹಾಯಿ. ಹಾಗೇ ಹೊಲಿದು ಕೊಟ್ಟೆ.

ಈ ಶೇಕಡಾ ಲೆಕ್ಕ ಸುಲಭ. ಕಂಬದಿಂದ ಮುಂದಿನ ತಂತಿಯ ಬುಡದವರೆಗಿನ ದೂರ 'ಜೆ'. ಹಾಯಿಯ ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ಲಂಬವಾಗಿ ಟೇಪ್ ಹಿಡಿದರೆ ಸಿಗುವುದು 'ಎಲ್‌ಪಿ'. ಜೆ 10 ಅಡಿ, ಎಲ್‌ಪಿ 15 ಅಡಿ ಇದ್ದರೆ 150%. ಅಂದರೆ ಹಾಯಿ ಕಂಬ ದಾಟಿ ಹಿಂದಕ್ಕೆ ಚಾಚಿರುತ್ತದೆ.

ಜುಲೈನಲ್ಲಿ ಅವರ ಫೋನ್ ಬಂತು. "ದೋಣಿ ಮಾತು ಕೇಳ್ತಿಲ್ಲ, ಒಮ್ಮೆ ಬನ್ನಿ." ಹೋದೆ.

ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾದು ಬಿಸಿಯಾಗುತ್ತದೆ. ಆಗ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ 20–25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇಲ್ಲಿ ಮಾಮೂಲಿ. ಗಾಳಿಯ ವೇಗ 10ರಿಂದ 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ.

ಕೊಲ್ಲಿಯೊಳಗಿನ ಅಲ್ಕಟ್ರಾಜ್ ದ್ವೀಪದ ಹತ್ತಿರ ಬರುವಷ್ಟರಲ್ಲಿ, ಹಾಯಿ ಚಿಕ್ಕದಾಗಲಿ ಅಂತ ಅದನ್ನು ಮುಂದಿನ ತಂತಿಯ ಸುತ್ತ ಅರ್ಧಕ್ಕೆ ಸುತ್ತಿದ್ದರು. ಆದರೂ ನಡುಭಾಗ ಗೋಣಿಚೀಲದ ಹಾಗೆ ಉಬ್ಬಿಯೇ ಇತ್ತು. ಸುತ್ತುವ ಹಾಯಿಗೆ ಒಂದು ಮಿತಿ ಇದೆ. ಸುಮಾರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುತ್ತಿದರೆ ಆಕಾರ ಕೆಡುತ್ತದೆ. ಚಪ್ಪಟೆ ಬೇಕಾದ ಗಾಳಿಯಲ್ಲೇ ಹೊಟ್ಟೆ ಬರುತ್ತದೆ. ದೋಣಿಯ ಒಂದು ಅಂಚು ನೀರೊಳಗಿತ್ತು. ಅವರು ಚುಕ್ಕಾಣಿ ಹಿಡಿಯನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡಿದ್ದರು. ಅಷ್ಟಾದರೂ ಮೂತಿ ಗಾಳಿಯ ಕಡೆಗೇ ತಿರುಗುತ್ತಿತ್ತು. ಅವರ ಕೈ ನಡುಗುವುದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ದಡಕ್ಕೆ ಬಂದ ಮೇಲೆ ಕೇಳಿದೆ, ಹಿಂದಿನ ಮಾಲೀಕರು ದೋಣಿ ಎಲ್ಲಿ ಓಡಿಸುತ್ತಿದ್ದರು? ಒಳನಾಡಿನ ಒಂದು ಕೆರೆಯಲ್ಲಿ. ಅಲ್ಲಿನ ಮಂದ ಗಾಳಿಗೆ 150 ಸರಿಯಾಗಿಯೇ ಇತ್ತು. ಈ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು, ಅಲ್ವಾ?

ಅದನ್ನೇ ಕತ್ತರಿಸಿ ಚಿಕ್ಕದು ಮಾಡೋಣ ಅನ್ನಿಸಿತು. ಆದರೆ ಬಟ್ಟೆ ತೆಳು, ಮಂದ ಗಾಳಿಗೆ ಅಂತ ಆರಿಸಿದ್ದು. ಬಿಸಿಲು ತಡೆಯುವ ಪಟ್ಟಿಯನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗಾಗಿ ದಪ್ಪ ಡೇಕ್ರಾನ್‌ (ಪಾಲಿಯೆಸ್ಟರ್ ಹಾಯಿಬಟ್ಟೆ) ನಲ್ಲಿ 100%ದು ಹೊಸದಾಗಿ ಹೊಲಿದೆ, ನನ್ನ ಕೂಲಿ ಬಿಟ್ಟು. ಜೆ ಮೇಲೆ ಹೇಳಿದ 10 ಅಡಿ, ಮುಂದಿನ ಅಂಚು 30 ಅಡಿ ಅಂತ ಇಟ್ಟುಕೊಂಡರೆ (ಅಂಚು × ಎಲ್‌ಪಿ, ಅದರಲ್ಲಿ ಅರ್ಧ) 225 ಚದರಡಿ ಇದ್ದದ್ದು 150ಕ್ಕೆ ಇಳಿಯುತ್ತದೆ. ನಾನು ಮೊದಲು ಹೊಲಿದ 150%ದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಲು ಹೇಳಿದೆ. ಆಗ ಇಲ್ಲಿ ಬಿರುಗಾಳಿಯ ದಿನ ಬಿಟ್ಟರೆ ಗಾಳಿ ಕಮ್ಮಿ.

ಒಂದು ಕೆಲಸ ಉಳಿದಿತ್ತು. ಚಿಕ್ಕ ಹಾಯಿಯ ಹಗ್ಗ ಕಂಬದ ಪಕ್ಕದ ತಂತಿಗಳ ಒಳಗಿಂದ ಬರಬೇಕು. ಹಗ್ಗ ಹಾಯುವ ರಾಟೆಯನ್ನು ಬೇಕಾದ ತೂತಿಗೆ ಸರಿಸಿ ನಿಲ್ಲಿಸುವ ಪಟ್ಟಿಯೇ ಹಳಿ. ದೊಡ್ಡದರ ಹಳಿ ಇದ್ದದ್ದು ತುಂಬಾ ಹಿಂದೆ. ಅಲ್ಲಿಂದ ಎಳೆದರೆ ಹಾಯಿಯ ಕೆಳಗಿನ ಅಂಚು ಬಿಗಿಯಾಗಿ, ಮೇಲ್ಭಾಗ ಸಡಿಲಾಗಿ ಪಟಪಟ ಬಡಿದುಕೊಳ್ಳುತ್ತದೆ. ಮುಂದೆ ಎರಡು ಚಿಕ್ಕ ಹಳಿ ಕೂರಿಸಲು ಒಂದು ದಿನವೇ ಹಿಡಿಯಿತು. ಮತ್ತೆ ನೀರಿಗಿಳಿದಾಗ 22 ನಾಟ್ ಇತ್ತು. ದೋಣಿ ವಾಲಿತು, ಆದರೆ ಅಂಚು ಮುಳುಗಲಿಲ್ಲ. ಹಾಯಿ ಮೇಲೂ ಕೆಳಗೂ ಒಂದೇ ಸಮ ತುಂಬಿಕೊಂಡಾಗ, ಅವರು ಚುಕ್ಕಾಣಿ ನನ್ನ ಕೈಗೆ ಕೊಟ್ಟು ಮುಂದೆ ಹೋದರು. ಹಳಿಯಲ್ಲಿ ರಾಟೆ ನಿಂತಿದ್ದ ಆ ತೂತಿನ ಪಕ್ಕ ಮಾರ್ಕರ್‌ನಲ್ಲಿ ಗೀಟು ಎಳೆದು ಬಂದರು.