ಸಂಬಳ, ಷೇರು, ವೀಸಾ: ಮೂರೂ ಒಂದೇ ಗೂಟಕ್ಕೆ

‘ಅಮೆರಿಕದ ದೊಡ್ಡ ಟೆಕ್ ಕಂಪನಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಪ್ಯಾಕೇಜ್’ ಎಂದು ಊರಿನಲ್ಲಿ ಯಾರಾದರೂ ಹೇಳಿದರೆ, ಅದರಲ್ಲಿ ಸಂಬಳ ಎಷ್ಟು, ಷೇರು ಎಷ್ಟು ಎಂದು ಮೊದಲು ಕೇಳಿ. ಸಿಯಾಟಲ್ ಇರಲಿ, ಸಿಲಿಕಾನ್ ವ್ಯಾಲಿ ಇರಲಿ, ಆಫರ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಇರುವುದು ಮೂಲ ಸಂಬಳ, ಬೋನಸ್ ಮತ್ತು ಆರ್‌ಎಸ್‌ಯು ಎಂಬ ಕಂಪನಿ ಷೇರು. ಮೊದಲ ಎರಡರಲ್ಲಿ ಗೊಂದಲವಿಲ್ಲ. ಲೆಕ್ಕ ತಪ್ಪುವುದು ಮೂರನೆಯದರಲ್ಲಿ.

ಒಂದು ಉದಾಹರಣೆ ಹಿಡಿಯೋಣ. ಕಂಪನಿ ಕೊಡಲು ಒಪ್ಪಿದ ಷೇರಿನ ಮೊತ್ತ, ಅಂದರೆ ಗ್ರಾಂಟ್, 1,60,000 ಡಾಲರ್; ಅವತ್ತಿನ ಷೇರು ಬೆಲೆ 200 ಡಾಲರ್. ಅಂದರೆ 4 ವರ್ಷಕ್ಕೆ 800 ಷೇರು. ಹಳೆಯ ಪದ್ಧತಿಯಲ್ಲಿ ಮೊದಲ ವರ್ಷ ತುಂಬುವವರೆಗೆ ಒಂದೂ ಕೈಗೆ ಸಿಗುವುದಿಲ್ಲ. ತುಂಬಿದ ದಿನ 200 ವೆಸ್ಟ್ ಆಗುತ್ತವೆ, ಅಂದರೆ ನಿಮ್ಮದಾಗುತ್ತವೆ, ಆಮೇಲೆ ಮೂರು ತಿಂಗಳಿಗೊಮ್ಮೆ 50. ಹನ್ನೊಂದನೇ ತಿಂಗಳಲ್ಲಿ ಕೆಲಸ ಬಿಟ್ಟರೆ ಸಿಗುವುದು ಸೊನ್ನೆ. ಈ ಒಂದು ವರ್ಷದ ಕಾಯುವಿಕೆಯನ್ನು ಕೆಲವು ಕಂಪನಿಗಳು ತೆಗೆದುಹಾಕಿವೆ, ಇನ್ನು ಕೆಲವು ಹೆಚ್ಚಿನ ಪಾಲನ್ನು ಕೊನೆಯ ಎರಡು ವರ್ಷಕ್ಕೆ ತಳ್ಳುತ್ತವೆ. ಹಾಗಾಗಿ ಒಟ್ಟು ಮೊತ್ತ ನೋಡಿದರೆ ಸಾಲದು, ಯಾವ ವರ್ಷ ಎಷ್ಟು ಎಂಬ ಪಟ್ಟಿ ಕೇಳಿ ಪಡೆಯಬೇಕು. ಇನ್ನೊಂದು ಮಾತು: ನಿಗದಿಯಾಗಿರುವುದು ಷೇರುಗಳ ಸಂಖ್ಯೆ, ಡಾಲರ್ ಅಲ್ಲ. ಬೆಲೆ 120ಕ್ಕೆ ಇಳಿದರೆ ಹತ್ತು ಸಾವಿರ ಎಂದುಕೊಂಡ ಕಂತು ಆರು ಸಾವಿರವಾಗುತ್ತದೆ.

ಇನ್ನು ತೆರಿಗೆ. ಷೇರು ವೆಸ್ಟ್ ಆದ ದಿನದ ಪೂರ್ತಿ ಬೆಲೆ ಸಂಬಳದಂತೆಯೇ ಆದಾಯಕ್ಕೆ ಸೇರುತ್ತದೆ, ನೀವು ಮಾರಿರಿ ಬಿಡಿ. 200 ಡಾಲರ್‌ನ 50 ಷೇರು ವೆಸ್ಟ್ ಆದರೆ ಅದರಲ್ಲಿ 12–13 ಷೇರು ತೆರಿಗೆಗೆಂದು ಅಲ್ಲೇ ಕಡಿತವಾಗುತ್ತದೆ. ಆ ವರ್ಷದ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿಗೆಂದು ಹಿಡಿಯುವ ತೆರಿಗೆ) ಮಿತಿ ಇನ್ನೂ ತುಂಬಿರದಿದ್ದರೆ ಸುಮಾರು 15. ಕ್ಯಾಲಿಫೋರ್ನಿಯಾದಲ್ಲಾದರೆ ರಾಜ್ಯದ ಪಾಲೂ ಸೇರಿ ಇನ್ನಷ್ಟು.

ತೆರಿಗೆ ಮುಗಿಯಿತು ಎಂದು ಬಹಳ ಜನ ನೆಮ್ಮದಿಯಾಗಿರುತ್ತಾರೆ. ಮುಗಿದಿರುವುದಿಲ್ಲ. ಇಂಥ ಆದಾಯಕ್ಕೆ ಕಂಪನಿ ಸಾಮಾನ್ಯವಾಗಿ ಹಿಡಿಯುವ ಫೆಡರಲ್ ತೆರಿಗೆ ಶೇ. 22. ಆದರೆ ಒಂಟಿಯಾಗಿ ರಿಟರ್ನ್ ಸಲ್ಲಿಸುವವರಿಗೆ 2025ರಲ್ಲಿ ತೆರಿಗೆಗೆ ಒಳಪಡುವ ಆದಾಯ 1,97,300 ಡಾಲರ್ ದಾಟಿದ ಮೇಲೆ ದರ ಶೇ. 32. ವರ್ಷದಲ್ಲಿ 40,000 ಡಾಲರ್‌ನಷ್ಟು ಷೇರು ಆ ದರದಲ್ಲಿ ಬಿದ್ದರೆ ಶೇ. 10ರ ಕೊರತೆ, ಅಂದರೆ 4,000 ಡಾಲರ್. ಏಪ್ರಿಲ್‌ನಲ್ಲಿ ಅದನ್ನು ಒಮ್ಮೆಲೇ ಕಟ್ಟಬೇಕು, ಕೆಲವೊಮ್ಮೆ ದಂಡ ಸಮೇತ. ಪರಿಹಾರ ಸುಲಭ: ಪೇರೋಲ್‌ನಲ್ಲಿ ಡಬ್ಲ್ಯು-4 ಫಾರ್ಮ್ ತೆರೆದು 4(ಸಿ) ಸಾಲಿನಲ್ಲಿ ಪ್ರತಿ ಸಂಬಳಕ್ಕೂ ಹೆಚ್ಚುವರಿ ಕಡಿತ ಬರೆಯಿರಿ. ಎರಡು ವಾರಕ್ಕೊಮ್ಮೆ ಸಂಬಳವಾದರೆ 4,000ವನ್ನು 26ರಿಂದ ಭಾಗಿಸಿ, ಸುಮಾರು 154 ಡಾಲರ್.

ಮಾರಿದ ಮೇಲೂ ಒಂದು ಹಳ್ಳವಿದೆ. ಮಾರಾಟದ ವಿವರವಿರುವ, ಬ್ರೋಕರ್ ಕಳಿಸುವ 1099-ಬಿ ಪತ್ರದಲ್ಲಿ ಈ ಷೇರುಗಳ ಕೊಂಡ ಬೆಲೆ ಎಷ್ಟೋ ಸಲ ಸೊನ್ನೆ ಎಂದೋ ಖಾಲಿಯಾಗಿಯೋ ಇರುತ್ತದೆ. ಅದನ್ನು ಹಾಗೇ ತುಂಬಿಬಿಟ್ಟರೆ ಒಂದೇ ದುಡ್ಡಿಗೆ ಎರಡು ಸಲ ತೆರಿಗೆ ಕಟ್ಟಿದಂತೆ. ವೆಸ್ಟ್ ಆದ ದಿನದ ಬೆಲೆಯೇ ಕೊಂಡ ಬೆಲೆ ಎಂದು 8949 ಫಾರ್ಮ್‌ನಲ್ಲಿ ತಿದ್ದಬೇಕು.

‘ಒಂದು ವರ್ಷ ಇಟ್ಟುಕೊಂಡರೆ ಟ್ಯಾಕ್ಸ್ ಉಳಿಯುತ್ತೆ’ ಎಂಬ ಸಲಹೆ ಕ್ಯಾಂಟೀನಿನಲ್ಲಿ ಸದಾ ಕೇಳಿಬರುತ್ತದೆ. ಉಳಿಯುವುದು ವೆಸ್ಟ್ ಆದ ಮೇಲೆ ಬೆಲೆ ಏರಿದರೆ, ಆ ಏರಿಕೆಯ ಮೇಲಷ್ಟೇ. ಅವತ್ತೇ ಮಾರಿದರೆ ಹೆಚ್ಚುವರಿ ತೆರಿಗೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಟ್ಟುಕೊಳ್ಳುವುದೆಂದರೆ ಕೈಯಲ್ಲಿದ್ದ ಹಣದಿಂದ ಅದೇ ಕಂಪನಿಯ ಷೇರು ಕೊಂಡಂತೆ. ಬೋನಸ್ ಬಂದಾಗ ಆ ಕೆಲಸ ಮಾಡುತ್ತೀರಾ ಎಂದು ಕೇಳಿಕೊಳ್ಳಿ. ವೆಸ್ಟ್ ಆಗುತ್ತಿದ್ದಂತೆ ಮಾರಿ, ಬೇರೆ ಕಡೆ ಹರಡುವುದೇ ಸರಿ ಎಂಬುದು ನಮ್ಮ ದೃಢ ಅಭಿಪ್ರಾಯ.

ಕಾರಣ ಬರೀ ಷೇರುಪೇಟೆಯಲ್ಲ. ವೀಸಾದ ಮೇಲಿರುವವರ ಸಂಬಳ, ಉಳಿತಾಯ, ಆ ದೇಶದಲ್ಲಿರುವ ಹಕ್ಕು ಮೂರನ್ನೂ ಒಂದೇ ಗೂಟಕ್ಕೆ ಕಟ್ಟಲಾಗಿದೆ. ಲೇಆಫ್ ಬಂದರೆ ಸಂಬಳ ನಿಲ್ಲುತ್ತದೆ, ವೆಸ್ಟ್ ಆಗದ ಷೇರು ಸಾಮಾನ್ಯವಾಗಿ ಕೊನೆಯ ದಿನಕ್ಕೇ ರದ್ದಾಗುತ್ತದೆ, ಎಚ್-1ಬಿ ಎಂಬ ಕೆಲಸದ ವೀಸಾ ಇರುವವರಿಗೆ ಗರಿಷ್ಠ 60 ದಿನದ ಗಡುವು ಶುರುವಾಗುತ್ತದೆ. ಐ-94ರ (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಅವಧಿ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಅಷ್ಟೇ ದಿನ. ಅಷ್ಟರೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ನೀವು ಬೇರೆ ವೀಸಾ ಸ್ಥಿತಿಗೆ ಅರ್ಜಿ ಹಾಕಬೇಕು, ಅದೂ ಇಲ್ಲವಾದರೆ ದೇಶ ಬಿಡಬೇಕು. ಈಗಿನ ಸಂದರ್ಶನಗಳು ಐದಾರು ಸುತ್ತು, ಆಮೇಲೆ ವಕೀಲರ ಕಾಗದಪತ್ರ. ಎಂಟೂವರೆ ವಾರ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ.

ಬೆಂಗಳೂರಿನ ಕಚೇರಿಯಿಂದ ಎಲ್-1 ವೀಸಾ ಮೇಲೆ ವರ್ಗವಾಗಿ ಬರುವವರು ಇದನ್ನು ಇನ್ನೂ ಎಚ್ಚರದಿಂದ ಓದಬೇಕು. ಎಲ್-1 ಆ ಕಂಪನಿ ಸಮೂಹಕ್ಕೆ ಮಾತ್ರ ಸೀಮಿತ, ಅದರ ಮೇಲೆ ಬೇರೆ ಕಂಪನಿಗೆ ಹಾರಲಾಗದು. ಗಂಡ ಅಥವಾ ಹೆಂಡತಿ ಕೆಲಸ ಮಾಡಬಹುದು ಎಂಬ ದೊಡ್ಡ ಅನುಕೂಲವಿದೆ ನಿಜ. ಎಚ್-1ಬಿ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4ರಲ್ಲಿ ಅದಕ್ಕೆ ಸಾಮಾನ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಕಂಪನಿ ಹಾಕುವ ಅರ್ಜಿ) ಮಂಜೂರಾಗುವವರೆಗೆ ಕಾಯಬೇಕು. ಆದರೂ ಬಂದ ಮೇಲೆ ಎಚ್-1ಬಿ ಲಾಟರಿಗೆ ಹೆಸರು ಹಾಕುತ್ತೀರಾ, ಗ್ರೀನ್ ಕಾರ್ಡ್ ಪ್ರಕ್ರಿಯೆ ಯಾವಾಗ ಆರಂಭಿಸುತ್ತೀರಿ ಎಂದು ಮ್ಯಾನೇಜರನ್ನು ವಿಮಾನ ಹತ್ತುವ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಐ-140 ಒಮ್ಮೆ ಮಂಜೂರಾದರೆ, ಆಮೇಲೆ ಕಂಪನಿ ಅದನ್ನು ಹಿಂಪಡೆದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ಸರದಿಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಭಾರತೀಯರ ಸರದಿ ಎಷ್ಟು ಉದ್ದವೆಂಬುದು ಗೊತ್ತಿರುವವರಿಗೆ ಆ ದಿನಾಂಕದ ಬೆಲೆ ವಿವರಿಸಬೇಕಿಲ್ಲ.

ಮನೆಯವರಿಗೂ ಒಂದು ವಿನಂತಿ. ಮೈಸೂರಲ್ಲೋ ದಾವಣಗೆರೆಯಲ್ಲೋ ಸೈಟಿಗೆ ಅಡ್ವಾನ್ಸ್ ಕೊಟ್ಟು, ಬಾಕಿಯನ್ನು ಮುಂದಿನ ವರ್ಷ ಬರಲಿರುವ ಷೇರಿನ ಲೆಕ್ಕಕ್ಕೆ ಬರೆಯಬೇಡಿ. ಖಾತೆಯಲ್ಲಿ ಆರು ತಿಂಗಳ ಖರ್ಚು ಬೇರೆ ಇದ್ದು, ಕೈಗೆ ಬಂದ ದುಡ್ಡಷ್ಟನ್ನೇ ಲೆಕ್ಕಕ್ಕೆ ಹಿಡಿಯಿರಿ.

ಲೇಆಫ್ ಸುದ್ದಿ ಬಂದ ದಿನವೇ ಲ್ಯಾಪ್‌ಟಾಪ್ ಮತ್ತು ಆಫೀಸ್ ಇಮೇಲ್ ಬಂದ್ ಆಗುವುದು ಮಾಮೂಲು. ಆದ್ದರಿಂದ ಈ ವಾರವೇ ಐ-797 (ವೀಸಾ ಅರ್ಜಿಯ ಮಂಜೂರಾತಿ ಪತ್ರ), ಐ-140 ಮಂಜೂರಾತಿ, ಪೇಸ್ಲಿಪ್, ಡಬ್ಲ್ಯು-2 (ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಪತ್ರ), ಷೇರು ಗ್ರಾಂಟ್ ಪತ್ರಗಳ ನಿಮ್ಮ ಪ್ರತಿಗಳನ್ನು ಮನೆಯಲ್ಲಿಟ್ಟುಕೊಳ್ಳಿ. ಬ್ರೋಕರ್ ಖಾತೆಯ ಲಾಗಿನ್ ಆಫೀಸ್ ಇಮೇಲ್‌ಗೆ ಜೋಡಣೆಯಾಗಿದ್ದರೆ ಸ್ವಂತ ಇಮೇಲ್, ಸ್ವಂತ ಫೋನ್ ನಂಬರಿಗೆ ಬದಲಿಸಿ, ಒಮ್ಮೆ ಲಾಗಿನ್ ಆಗಿ ಪರೀಕ್ಷಿಸಿ.